ತಂದೆಯೊಡನೆ ಕಾಡಿನ ಪಾಠ

ಹಸಿವು, ಬಾಯಾರಿಕೆ, ಚಳಿ, ಕತ್ತಲೆ ಇವುಗಳನ್ನು ಎದುರಿಸಿ, ತನಗೂ ಕಾಡಿಗೂ ಕೇಡಾಗದಂತೆ ಒಂದೆರಡು ದಿನ ಅಡವಿಯಲ್ಲಿ ಇದ್ದು ಬರುವುದು ಒಂದು ವಿದ್ಯೆ. ಅದನ್ನು ಕಲಿಸುವುದಕ್ಕೆ ಈಗ ಶಿಬಿರಗಳಿವೆ, ಪುಸ್ತಕಗಳಿವೆ, ಶುಲ್ಕವೂ ಉಂಟು. ನಮ್ಮ ಹಿರಿಯರಲ್ಲಿ ಈ ವಿದ್ಯೆಗೆ ಹೆಸರೇ ಇರಲಿಲ್ಲ. ದನ ಮೇಯಿಸುವವನಿಗೆ, ಸೌದೆ ತರುವವಳಿಗೆ, ಕುರಿಹಿಂಡಿನೊಡನೆ ತಿಂಗಳುಗಟ್ಟಲೆ ಊರೂರು ಸುತ್ತುವ ಕುರುಬನಿಗೆ ಅದು ನಡೆಯುವಷ್ಟೇ, ಉಣ್ಣುವಷ್ಟೇ ಸಹಜವಾಗಿತ್ತು. ಆದರೆ ಹೆಸರಿಲ್ಲದ ವಿದ್ಯೆಗೆ ಒಂದು ಅಪಾಯವಿದೆ. ಅದು ಮರೆತುಹೋದಾಗ, ನಾವು ಮರೆತುದು ಏನೆಂಬುದೂ ನಮಗೆ ತಿಳಿಯುವುದಿಲ್ಲ.

ಈ ವಿದ್ಯೆಯನ್ನು ಶಾಲೆಯ ಮಕ್ಕಳ ಪಾಠವನ್ನಾಗಿ ಮಾಡಿದವರಲ್ಲಿ ಬೇಡನ್ ಪೊವೆಲ್ ಪ್ರಮುಖರು. ಅವರು ಭಾರತದಲ್ಲಿಯೂ ಆಫ್ರಿಕದಲ್ಲಿಯೂ ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿದ್ದವರು. 1907ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸೇರಿಸಿ ಶಿಬಿರ ನಡೆಸಿದರು. ಮರುವರ್ಷ ಅದರ ಪಾಠಗಳನ್ನು ಪುಸ್ತಕವಾಗಿ ಬರೆದರು. ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದುದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಬೇರೆ ಬೇರೆಯಾಗಿದ್ದ ಸಂಸ್ಥೆಗಳು ಕೂಡಿ 1950ರ ನವೆಂಬರ್ 7ರಂದು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾಯಿತು. ಬೇಡನ್ ಪೊವೆಲ್ಲರು ಆಫ್ರಿಕದ ಮತ್ತು ಭಾರತದ ಜನರಿಂದ ನೋಡಿ ತಿಳಿದುದೂ ಆ ಪುಸ್ತಕದಲ್ಲಿ ಸೇರಿದೆ. ಹೀಗೆ ಹಳ್ಳಿಗಳಿಂದ ಹೋದ ಅರಿವು ಸುತ್ತಿ ಬಳಸಿ, ಇಂಗ್ಲಿಷ್ ಹೆಸರು ಹೊತ್ತು, ಮತ್ತೆ ಹಳ್ಳಿಯ ಶಾಲೆಗೆ ಬಂದಿತು.

ನಮ್ಮ ಬೆಳ್ಳಾವಿಗೂ ಅದು ಬಂದಿತು. ಬೆಳ್ಳಾವಿ ತುಮಕೂರಿನ ವಾಯವ್ಯಕ್ಕಿರುವ ಒಂದು ಹೋಬಳಿ ಕೇಂದ್ರ. ಕೆರೆ, ತೆಂಗಿನ ತೋಟ, ರಾಗಿಯ ಹೊಲ, ಸಂತೆ ಇವು ಅದರ ಆಸ್ತಿ. ಅಲ್ಲಿ ಕಾಡಿಲ್ಲ. ಕಾಡು ನೋಡಬೇಕಾದರೆ ತುಮಕೂರನ್ನು ದಾಟಿ ದೇವರಾಯನದುರ್ಗಕ್ಕೆ ಹೋಗಬೇಕು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಎಂದರೆ 1973ರ ಫೆಬ್ರವರಿಯ ಮೊದಲ ಶನಿವಾರ, ನಮ್ಮ ಸ್ಕೌಟ್ ಮಾಸ್ತರರು ಆ ಬೆಟ್ಟದ ಬುಡದ ನಾಮದ ಚಿಲುಮೆಯ ಬಳಿ ಎರಡು ದಿನಗಳ ಶಿಬಿರವನ್ನು ಏರ್ಪಡಿಸಿದರು. (ಆಗ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಇನ್ನೂ ಬಂದಿರಲಿಲ್ಲ, ಅದು ಬಂದುದು ಅದೇ ವರ್ಷದ ನವೆಂಬರಿನಲ್ಲಿ.) ಶಿಬಿರಕ್ಕೆ ಒಂದು ನಿಯಮವಿತ್ತು. ಪ್ರತಿಯೊಬ್ಬ ಹುಡುಗನೂ ತನ್ನ ತಂದೆಯನ್ನು ಕರೆತರಬೇಕು. ತಂದೆ ನೋಡುವವನಾಗಿ ಬರಬಾರದು, ಕಲಿಯುವವನಾಗಿ ಬರಬೇಕು.

ತಾಯಂದಿರನ್ನು ಕರೆಯಬೇಕೆಂದು ಆ ಕಾಲದಲ್ಲಿ ಯಾರಿಗೂ ತೋಚಲಿಲ್ಲ. ಇದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ. ಅಣ್ಣೆ, ಗೋಣಿ, ಹೊನಗೊನ್ನೆ, ಕಿರಕಸಾಲೆ ಎಂದು ಹತ್ತು ಬಗೆಯ ಸೊಪ್ಪನ್ನು ಹೊಲದ ಬದುವಿನಿಂದ ಆರಿಸಿ ತಂದು ಬೆರಕೆಸೊಪ್ಪಿನ ಸಾರು ಮಾಡುತ್ತಿದ್ದ ನನ್ನ ತಾಯಿಗೆ, ತಿನ್ನಬಹುದಾದ ಗಿಡ ಯಾವುದು, ಬಿಡಬೇಕಾದುದು ಯಾವುದು ಎಂಬುದರಲ್ಲಿ ಇಡೀ ಶಿಬಿರಕ್ಕೆ ಪಾಠ ಹೇಳುವಷ್ಟು ತಿಳಿವಳಿಕೆಯಿತ್ತು.

ನನ್ನ ತಂದೆ ರೈತರು. ಓದು ಬರಹ ರುಜು ಮಾಡುವಷ್ಟು ಮಾತ್ರ. ಆ ಶನಿವಾರ ಅಮಾವಾಸ್ಯೆಯಾಗಿತ್ತು. ಅಮಾವಾಸ್ಯೆಯ ದಿನ ಕಾಡಿಗೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಅಂದು ಎತ್ತುಗಳಿಗೆ ನೊಗ ಹೂಡುತ್ತಿರಲಿಲ್ಲವಾದುದರಿಂದ ಬಿಡುವೂ ಅಂದೇ ಇದ್ದಿತು. ಪಂಚೆ ಉಟ್ಟು, ಹೆಗಲ ಮೇಲೆ ಕರಿಯ ಕಂಬಳಿ ಹಾಕಿಕೊಂಡು, ಕೈಯಲ್ಲಿ ಹಿತ್ತಾಳೆಯ ಚೊಂಬು ಹಿಡಿದು ಅವರು ಲಾರಿ ಹತ್ತಿದರು. ಉಳಿದ ಹುಡುಗರ ತಂದೆಯರಲ್ಲಿ ಹಲವರು ಷರಾಯಿ ತೊಟ್ಟವರು. ತುಮಕೂರಿನ ಕಚೇರಿಗಳಲ್ಲಿ ಕೆಲಸ ಮಾಡುವವರೂ ಇದ್ದರು. ಆ ಕಂಬಳಿಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತೆಂದು ನನಗೆ ಅನ್ನಿಸುತ್ತಿತ್ತು.

ದೇವರಾಯನದುರ್ಗ ತುಮಕೂರಿನಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರು ದೂರದಲ್ಲಿದೆ. ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀಟರು. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ನಾಮದ ಚಿಲುಮೆ ಎಂಬುದು ಬಂಡೆಯಿಂದ ಜಿನುಗುವ ಒಂದು ಒರತೆ. ವನವಾಸದ ಕಾಲದಲ್ಲಿ ಶ್ರೀರಾಮನಿಗೆ ಹಣೆಯ ನಾಮವನ್ನು ತೇದುಕೊಳ್ಳಲು ನೀರು ಸಿಕ್ಕಲಿಲ್ಲವೆಂದೂ, ಬಂಡೆಗೆ ಬಾಣ ಹೂಡಿದಾಗ ನೀರು ಚಿಮ್ಮಿತೆಂದೂ ಸ್ಥಳಪುರಾಣ. ಭೂಗೋಳದ ಕಥೆಯೂ ಇದಕ್ಕೆ ಕಡಮೆಯದಲ್ಲ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇಲ್ಲಿಯೇ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಒಂದೇ ಮೋಡ ಸುರಿಸಿದ ಎರಡು ಹನಿಗಳು ಇಲ್ಲಿ ಅಗಲಿದರೆ ಮತ್ತೆ ಕೂಡುವುದು ಬಂಗಾಳ ಕೊಲ್ಲಿಯಲ್ಲಿಯೇ. ಕಾಡೆಂದರೆ ಮಲೆನಾಡಿನಂತಹ ದಟ್ಟಡವಿಯಲ್ಲ. ದಿಂಡಿಗ, ಮುತ್ತುಗ, ಕಗ್ಗಲಿ, ಬೆಟ್ಟದ ನೆಲ್ಲಿ. ಕೆಳಗೆ ಬಂದರೆ, ಕಾರೆ, ಕವಳೆಯ ಪೊದೆಗಳು. ಚಿರತೆ, ಕರಡಿಗಳು ಅಂದೂ ಇದ್ದವು, ಇಂದೂ ಇವೆ.

ಮೊದಲ ಪಾಠ ಗಂಟುಗಳದು. ಹಗ್ಗದ ಎರಡು ತುದಿಗಳನ್ನು ಕೂಡಿಸುವ ರೀಫ್ ಗಂಟು, ಗೂಟಕ್ಕೆ ಬಿಗಿಯುವ ಕ್ಲೋವ್ ಹಿಚ್ ಇವುಗಳನ್ನು ಮಾಸ್ತರರು ತೋರಿಸಿದರು. ಬಲದ ತುದಿ ಎಡದ ಮೇಲೆ, ಅನಂತರ ಎಡದ ತುದಿ ಬಲದ ಮೇಲೆ. ಎರಡು ಸಾರಿಯೂ ಬಲವನ್ನೇ ಮೇಲೆ ತಂದರೆ ಅದು ಜಾರುವ ಗಂಟಾಗುತ್ತದೆ. ಬಳಿಕ, ಎಷ್ಟು ಎಳೆದರೂ ಕಿರಿದಾಗದ ಒಂದು ಕುಣಿಕೆ ಹಾಕಿರಿ ಎಂದರು. ಬಾವಿಗೆ ಬಿದ್ದವನನ್ನು ಮೇಲೆತ್ತುವಾಗ ಅವನ ಎದೆಗೆ ಜೀರುಕುಣಿಕೆ ಹಾಕಿದರೆ ಅದು ಬಿಗಿದು ಉಸಿರು ಕಟ್ಟುತ್ತದೆ. ಆದುದರಿಂದ ಬಿಗಿಯದ ಕುಣಿಕೆ ಬೇಕು. ಇದರ ಹೆಸರು ಬೋಲೈನ್. ನಾವೆಲ್ಲ ಪುಸ್ತಕದ ಚಿತ್ರ ನೋಡುತ್ತ ಹೆಣಗುತ್ತಿರುವಾಗ ನನ್ನ ತಂದೆ ಆ ಗಂಟನ್ನು ಹಾಕಿ ಮುಗಿಸಿ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

“ಇದನ್ನು ನಿಮಗೆ ಯಾರು ಕಲಿಸಿದರು?” ಎಂದು ಮಾಸ್ತರರು ಕೇಳಿದರು.

“ಕಲಿಸುವುದೇನು ಸ್ವಾಮಿ, ಎತ್ತಿನ ಕೊರಳಿಗೆ ಹಾಕುವುದು ಇದನ್ನೇ. ಬಿಗಿದರೆ ಎತ್ತು ಸಾಯುತ್ತದೆ.”

ಮಾಸ್ತರರು ಆ ಗಂಟನ್ನು ಅವರಿಂದ ಮತ್ತೆ ಮತ್ತೆ ಬಿಚ್ಚಿಸಿ ಹಾಕಿಸಿ ಎಲ್ಲರಿಗೂ ತೋರಿಸಿದರು. ನನಗೆ ಹೆಮ್ಮೆಯಾಯಿತು ಎಂದು ಬರೆದರೆ ಅದು ಅರ್ಧ ಸತ್ಯ. ಅದೇ ಗಂಟನ್ನು ಪ್ರತಿದಿನವೂ ನಮ್ಮ ಕೊಟ್ಟಿಗೆಯಲ್ಲಿ ನೋಡುತ್ತಿದ್ದರೂ ಚಿತ್ರದಲ್ಲಿ ನೋಡುವವರೆಗೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂಬ ಆಶ್ಚರ್ಯವೇ ಹೆಚ್ಚಾಗಿದ್ದಿತು.

ಎರಡನೆಯ ಪಾಠ ನೀರಿನದು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕುಂಟೆಗಳ ತಳದಲ್ಲಿ ಕೆಸರುನೀರು ಮಾತ್ರ ಉಳಿದಿತ್ತು. ಮಾಸ್ತರರು ಅದನ್ನು ಎರಡು ಮಡಕೆಗಳಲ್ಲಿ ತುಂಬಿಸಿದರು. ಚಿಲ್ಲದ ಬೀಜವೊಂದನ್ನು ಒಂದು ಮಡಕೆಯ ಒಳಮೈಗೆ ಚೆನ್ನಾಗಿ ಉಜ್ಜಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಆ ಮಡಕೆಯ ಕೆಸರು ಕೂಡಿಕೊಂಡು ತಳಕ್ಕೆ ಇಳಿದು ಮೇಲಿನ ನೀರು ತಿಳಿಯಾಯಿತು. ಇನ್ನೊಂದು ಮಡಕೆಯಲ್ಲಿ ಕೆಸರು ಹಾಗೆಯೇ ತೇಲುತ್ತಿತ್ತು. ಚಿಲ್ಲದ ಬೀಜದ ಈ ಗುಣವನ್ನು ನಮ್ಮ ದೇಶದವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಸಂಸ್ಕೃತದಲ್ಲಿ ಅದಕ್ಕೆ ಕತಕವೆಂದು ಹೆಸರು. ನನ್ನ ತಂದೆಗೂ ಇದು ಗೊತ್ತಿತ್ತು. ಅವರು ತಿಳಿನೀರನ್ನು ಚೊಂಬಿಗೆ ಬಗ್ಗಿಸಿಕೊಂಡು ಕುಡಿಯಲು ಎತ್ತಿದರು. ಮಾಸ್ತರರು ಅವರ ಕೈಯನ್ನು ಹಿಡಿದು ನಿಲ್ಲಿಸಿದರು.

ತಿಳಿಯಾದ ನೀರು ಶುದ್ಧವಾದ ನೀರಲ್ಲ. ಬೀಜ ಮಣ್ಣನ್ನು ತೆಗೆಯಿತೇ ಹೊರತು ರೋಗಾಣುಗಳನ್ನು ಕೊಲ್ಲಲಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಮೆಟ್ಟಿಲುಬಾವಿಯ ನೀರು ಕುಡಿದವರಿಗೆ ನಾರುಹುಣ್ಣು ಬರುತ್ತಿದ್ದುದನ್ನು ಮಾಸ್ತರರು ವಿವರಿಸಿದರು. ಕಣ್ಣಿಗೆ ಕಾಣುವುದೇ ಕಷ್ಟವಾದ ಒಂದು ನೀರುಜೀವಿಯ ಹೊಟ್ಟೆಯಲ್ಲಿ ಅಡಗಿ ಆ ಹುಳುವಿನ ಮರಿ ಮನುಷ್ಯನ ಒಡಲನ್ನು ಸೇರುತ್ತದೆ; ಸುಮಾರು ಒಂದು ವರ್ಷದ ಬಳಿಕ ಮೊಳಕೈಗಿಂತ ಉದ್ದದ ದಾರದಂತೆ ಕಾಲಿನಿಂದ ಹೊರಬೀಳುತ್ತದೆ. ನೀರನ್ನು ನೇಯ್ಗೆ ಬಿಗಿಯಾದ ಬಟ್ಟೆಯಲ್ಲಿ ಸೋಸಿದರೆ ಸಾಕು, ಈ ಒಂದು ರೋಗ ತಪ್ಪುತ್ತದೆ. ಸೋಸುವಿಕೆ, ಬಾವಿಗಳ ಸುಧಾರಣೆ ಇಂತಹ ಸರಳ ಉಪಾಯಗಳಿಂದಲೇ ಭಾರತ ಅದನ್ನು ತೊಲಗಿಸಿತು. 1996ರ ಬಳಿಕ ನಮ್ಮ ದೇಶದಲ್ಲಿ ನಾರುಹುಣ್ಣು ಕಾಣಿಸಿಕೊಂಡಿಲ್ಲ. ಉಳಿದ ರೋಗಾಣುಗಳಿಗೆ ಕುದಿಸುವುದೇ ದಾರಿ. ನೀರು ಕೊತಕೊತನೆ ಕುದಿ ಹತ್ತಿದ ಮೇಲೆ ಒಂದು ನಿಮಿಷವಾದರೂ ಕುದಿಯಬೇಕು. ಕುದಿಸುವುದಕ್ಕೂ ಮಿತಿಯುಂಟು: ನಮ್ಮ ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ.

ಚಿಲ್ಲದ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಸಸ್ಯಶಾಸ್ತ್ರದಲ್ಲಿ ಚಿಲ್ಲವೂ ಕಾಸರಕವೂ ಒಂದೇ ಕುಲದವು. ಒಂದರ ಬೀಜ ನೀರನ್ನು ತಿಳಿಗೊಳಿಸುತ್ತದೆ. ಇನ್ನೊಂದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ. ಗುಲಗಂಜಿಯ ಬೀಜ ನೋಡಲು ಎಷ್ಟು ಸುಂದರವೋ ಅಗಿದು ನುಂಗಿದರೆ ಅಷ್ಟೇ ಮಾರಕ. ಪುಸ್ತಕದ ಚಿತ್ರವೊಂದನ್ನೇ ನಂಬಿ ಕಾಡಿನ ಯಾವ ಕಾಯಿಯನ್ನೂ ಬಾಯಿಗೆ ಹಾಕಬಾರದು. ಗಿಡವನ್ನು ವರ್ಷದ ಎಲ್ಲ ಕಾಲಗಳಲ್ಲಿಯೂ ಕಂಡು ಬಲ್ಲ ಒಬ್ಬ ಹಿರಿಯರು ಪಕ್ಕದಲ್ಲಿರಬೇಕು.

ಸಂಜೆ ಬೆಂಕಿಯ ಪಾಠ. ಬೆಂಕಿಪೊಟ್ಟಣವನ್ನು ಮಾಸ್ತರರು ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ಒಬ್ಬ ಮುದುಕ ಅರಣ್ಯ ಕಾವಲುಗಾರ ತನ್ನ ಚಕಮಕಿಯನ್ನು ತೆಗೆದ: ಒಂದು ಉಕ್ಕಿನ ತುಂಡು, ಒಂದು ಬೆಣಚುಕಲ್ಲು, ಬೂದಿ ತುಂಬಿದ ಡಬ್ಬಿಯಲ್ಲಿ ಬೂರುಗದ ಅರಳೆ. ನಾಲ್ಕೈದು ಏಟಿಗೆ ಕಿಡಿ ಅರಳೆಗೆ ತಗಲಿತು. ಕಲ್ಲಿನೊಳಗೆ ಬೆಂಕಿಯಿದೆ ಎಂದು ಜನ ಹೇಳುವುದುಂಟು. ನಿಜವಾಗಿ ಉರಿಯುವುದು ಕಲ್ಲಲ್ಲ, ಉಕ್ಕು. ಗಟ್ಟಿಯಾದ ಕಲ್ಲಿನ ಅಂಚು ಉಕ್ಕಿನಿಂದ ಅತಿಸಣ್ಣ ಕಣಗಳನ್ನು ಕೆರೆದು ತೆಗೆಯುತ್ತದೆ. ಕೆರೆತದಿಂದ ಕಾದ ಆ ಕಣಗಳು ಗಾಳಿಯಲ್ಲಿ ಉರಿದು ಹೋಗುತ್ತವೆ. ಅದೇ ಕಿಡಿ. ಇಂತಹ ನಿತ್ಯದ ಸಂಗತಿಗಳ ಹಿಂದಿರುವ ಶಾಸ್ತ್ರವನ್ನು ಕನ್ನಡದಲ್ಲಿಯೇ ಹೇಳಬೇಕೆಂದು, ನಮ್ಮ ಊರಿನ ಹೆಸರನ್ನೇ ತಮ್ಮ ಹೆಸರಿನಲ್ಲಿ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು (1872–1943) ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಡೆಸಿದುದನ್ನು ಮಾಸ್ತರರು ಆ ಉರಿಯ ಮುಂದೆ ನೆನೆದರು. ಅರಣಿಯನ್ನು ಕಡೆಯುವ ಪ್ರಯತ್ನವೂ ನಡೆಯಿತು. ಹೊಗೆ ಬಂದಿತು, ಅಂಗೈ ಬೊಬ್ಬೆ ಬಂದಿತು, ಬೆಂಕಿ ಬರಲಿಲ್ಲ.

ರಾತ್ರಿ ಚಂದ್ರನಿಲ್ಲದ ಆಕಾಶ ನಕ್ಷತ್ರಗಳಿಂದ ತುಂಬಿತ್ತು. ಇಂಗ್ಲಿಷ್ ಪುಸ್ತಕದಲ್ಲಿ ಧ್ರುವನಕ್ಷತ್ರ ಆಕಾಶದ ನಡುವಿಗೂ ದಿಗಂತಕ್ಕೂ ಮಧ್ಯದಲ್ಲಿ, ಇನ್ನೂ ಸ್ವಲ್ಪ ಮೇಲೆಯೇ ಇರುವಂತೆ ಬರೆದಿತ್ತು. ಅಲ್ಲಿಗೆ ಅದು ಸರಿ. ಯಾವ ಊರಿನ ಅಕ್ಷಾಂಶ ಎಷ್ಟೋ ಧ್ರುವನ ಎತ್ತರವೂ ಅಷ್ಟೇ ಡಿಗ್ರಿ. ನಮ್ಮ ಅಕ್ಷಾಂಶ 13 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿಯನ್ನು ಮರೆಮಾಡುತ್ತದೆ. ಹಾಗಾಗಿ ಉತ್ತರ ದಿಗಂತದಿಂದ ಒಂದು ಮುಷ್ಟಿ ಮತ್ತು ಎರಡು ಬೆರಳು ಮೇಲೆ ಹುಡುಕಬೇಕು. ಅಡ್ಡಲಾಗಿ ಒಂದು ಗುಡ್ಡವಿದ್ದರೆ ಕಾಣುವುದೇ ಇಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಸಪ್ತರ್ಷಿಮಂಡಲ ಪೂರ್ತಿಯಾಗಿ ಏರಿ ಬಂದಿತು. ಅದರ ಮೊದಲ ಎರಡು ನಕ್ಷತ್ರಗಳ ನಡುವಿನ ಅಂತರವನ್ನು ಐದು ಪಟ್ಟು ಮುಂದುವರಿಸಿ ನಾವು ಧ್ರುವನನ್ನು ಹಿಡಿದೆವು. ನೆರಳಿನ ವಿಷಯವೂ ಹೀಗೆಯೇ. ನಡುಹಗಲಿನ ನೆರಳು ಸದಾ ಉತ್ತರಕ್ಕೆ ಬೀಳುತ್ತದೆ ಎಂಬ ಮಾತು ಇಂಗ್ಲೆಂಡಿಗೆ ಸಲ್ಲುತ್ತದೆ. ನಮ್ಮಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುವುದರಿಂದ ಆ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇನ್ನೊಂದು ನಾಡಿನ ಪುಸ್ತಕವನ್ನು ನಮ್ಮ ನೆಲದ ಮೇಲೆ ನಿಂತು ಓದಬೇಕು.

ಪಶ್ಚಿಮದ ಕಡೆಗೆ ವಾಲಿದ್ದ ಮೂರು ಸಾಲು ನಕ್ಷತ್ರಗಳನ್ನೂ ಅವುಗಳ ಮೇಲಿನ ಸಣ್ಣ ಗುಂಪನ್ನೂ ತೋರಿಸಿ ಮಾಸ್ತರರು, ಇದು ಮೃಗಶಿರ ಎಂದರು. ನನ್ನ ತಂದೆ ಕಂಬಳಿಯೊಳಗಿಂದ ಎದ್ದು ಕುಳಿತರು.

“ಯಾವ ಮೃಗಶಿರ? ಮಳೆಯ ಮೃಗಶಿರವೋ?”

“ಅದೇ.”

“ಇದು ನಮ್ಮ ಹೊಲದ ಮೇಲೆ ಪ್ರತಿವರ್ಷ ಸುಗ್ಗಿಯ ಚಳಿಯಲ್ಲಿ ಕಾಣುತ್ತದೆ. ಮೃಗಶಿರ ಮಳೆ ಬರುವುದು ಬೇಸಗೆ ಕಳೆದ ಮೇಲೆ. ಇದು ಅದು ಹೇಗಾದೀತು?”

ಪ್ರಶ್ನೆ ಬಹಳ ಒಳ್ಳೆಯದು. ಮಳೆಯ ನಕ್ಷತ್ರವೆಂದರೆ ಆ ದಿನಗಳಲ್ಲಿ ಸೂರ್ಯನಿರುವ ನಕ್ಷತ್ರ. ಜೂನ್ ತಿಂಗಳಿನಲ್ಲಿ ಸೂರ್ಯ ಮೃಗಶಿರವನ್ನು ಹೊಕ್ಕಾಗ, ಆ ನಕ್ಷತ್ರ ಸೂರ್ಯನೊಡನೆಯೇ ಹುಟ್ಟಿ ಸೂರ್ಯನೊಡನೆಯೇ ಮುಳುಗುತ್ತದೆ. ಆದುದರಿಂದ ಯಾವ ಮಳೆಯ ದಿನಗಳಲ್ಲಿಯೂ ಆ ಮಳೆಯ ನಕ್ಷತ್ರ ರಾತ್ರಿಯ ಆಕಾಶದಲ್ಲಿ ಕಾಣುವುದಿಲ್ಲ. ಮಾಸ್ತರರು ಒಂದು ಕೊಳ್ಳಿಯನ್ನು ಸೂರ್ಯನೆಂದು ನಡುವೆ ಇಟ್ಟು, ಅದರ ಸುತ್ತ ನಮ್ಮನ್ನು ನಡೆಸಿ ಇದನ್ನು ಮನಗಾಣಿಸಿದರು. ನನ್ನ ತಂದೆಗೆ ಇಪ್ಪತ್ತೇಳು ಮಳೆಗಳ ಹೆಸರೂ ಬಾಯಿಗೆ ಬರುತ್ತಿತ್ತು. ನನಗೆ ನಕ್ಷತ್ರಗಳ ಚಿತ್ರಪಟ ಬರುತ್ತಿತ್ತು. ಒಂದು ಇನ್ನೊಂದರ ಹೆಸರೆಂಬುದು ನಮ್ಮಿಬ್ಬರಿಗೂ ಒಂದೇ ರಾತ್ರಿ, ಒಂದೇ ಕ್ಷಣದಲ್ಲಿ ತಿಳಿಯಿತು. ತಂದೆ ಮಕ್ಕಳು ಒಟ್ಟಿಗೆ ಕಲಿಯುವುದರಲ್ಲಿ ಇರುವ ಸುಖ ಇದು. ಮಾಸ್ತರರ ನಿಯಮದ ಅರ್ಥವೂ ಇದೇ ಇರಬೇಕು.

ಭಾನುವಾರ ಬೆಳಗ್ಗೆ ದಾರಿ ಹುಡುಕುವ ಪರೀಕ್ಷೆ. ದಿಕ್ಸೂಚಿಯನ್ನೂ ಕೈಬರಹದ ನಕ್ಷೆಯನ್ನೂ ಕೊಟ್ಟು ಪ್ರತಿಯೊಂದು ಜೊತೆಯನ್ನೂ ಒಂದೊಂದು ಗುರುತಿನ ಮರಕ್ಕೆ ಕಳುಹಿಸಿದರು. ಅರ್ಧ ದಾರಿಯಲ್ಲಿ ನಮ್ಮನ್ನು ಮಂಜು ಮುಸುಕಿತು. ಹತ್ತು ಮಾರು ದೂರದ ಬಂಡೆಯೂ ಕಾಣದಾಯಿತು. ದಿಕ್ಸೂಚಿ ನನ್ನ ಕೈಯಲ್ಲಿತ್ತು. ಉತ್ತರ ಎತ್ತ ಎಂಬುದರಲ್ಲಿ ಸಂಶಯವಿರಲಿಲ್ಲ. ನಡೆಯೋಣವೆಂದು ನಾನು ಅವಸರಪಡಿಸಿದೆ. ತಂದೆ ಒಂದು ಬಂಡೆಗೆ ಬೆನ್ನು ಕೊಟ್ಟು ಕುಳಿತು, ಕಂಬಳಿಯನ್ನು ನಮ್ಮಿಬ್ಬರ ಮೇಲೂ ಹೊದಿಸಿ, “ಕಾಣದಿದ್ದಾಗ ನಡೆಯಬಾರದು” ಎಂದಷ್ಟೇ ಹೇಳಿದರು. ದೂರದಲ್ಲಿ ಬೇರೆ ಜೊತೆಗಳ ಸೀಟಿ ಕೇಳಿಸುತ್ತಿತ್ತು. ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಿದ್ದಾರೆಂದು ನನಗೆ ಅಳು ಬರುವಂತಾಗಿತ್ತು. ಒಂದು ಗಂಟೆಯ ಬಳಿಕ ಮಂಜು ಎದ್ದಿತು. ನಾವು ಹೋಗಬೇಕಾಗಿದ್ದ ನೇರಕ್ಕೆ, ಮೂವತ್ತು ಹೆಜ್ಜೆಗಳಾಚೆ, ಹಾಸುಬಂಡೆಯೊಂದು ಇಳಿಜಾರಾಗಿ ಆಳಕ್ಕೆ ಜಾರಿತ್ತು. ಅದರ ಮೈ ಮಂಜಿನಿಂದ ಒದ್ದೆಯಾಗಿ ಹೊಳೆಯುತ್ತಿತ್ತು. ದಿಕ್ಸೂಚಿ ದಿಕ್ಕನ್ನು ಹೇಳುತ್ತದೆ. ದಾರಿಯಲ್ಲಿ ಏನಿದೆ ಎಂಬುದನ್ನು ಹೇಳುವುದಿಲ್ಲ.

ನಾವು ಎಲ್ಲರಿಗಿಂತ ಕೊನೆಯಲ್ಲಿ ಬಂದೆವು. ಬಹುಮಾನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಒಬ್ಬರಿಗೂ ಅವರ ಮಗನಿಗೂ ಹೋಯಿತು. ಅದು ನ್ಯಾಯವೇ, ಅವರ ದಾರಿಯಲ್ಲಿ ಮಂಜಿರಲಿಲ್ಲ, ಮತ್ತು ನಕ್ಷೆಯನ್ನು ಅವರಷ್ಟು ಚೆನ್ನಾಗಿ ಓದಬಲ್ಲವರು ನಮ್ಮಲ್ಲಿ ಬೇರೆ ಇರಲಿಲ್ಲ. ಆದರೂ ಈ ವಿದ್ಯೆಯ ಬಹುಭಾಗ ಮಾಡುವುದರಲ್ಲಿಲ್ಲ, ಮಾಡದೆ ನಿಲ್ಲುವುದರಲ್ಲಿದೆ ಎಂದು ನಾನು ತಿಳಿದುಕೊಂಡುದು ಆ ಕಂಬಳಿಯ ಕೆಳಗೆ. ಸಿಕ್ಕಿದ ನೀರನ್ನು ಕುಡಿಯದಿರುವುದು, ಕಂಡ ಹಣ್ಣನ್ನು ತಿನ್ನದಿರುವುದು, ದಾರಿ ತಪ್ಪಿದೆನೆಂದು ತಿಳಿದೊಡನೆ ಓಡದಿರುವುದು. ಇದನ್ನು ಪರೀಕ್ಷೆಯಲ್ಲಿ ಅಳೆಯುವುದು ಕಷ್ಟ.

ಕಲಿಸಿದುದೆಲ್ಲವೂ ಕಾಲಕ್ಕೆ ನಿಲ್ಲಲಿಲ್ಲ. ಹಾವು ಕಚ್ಚಿದರೆ ಗಾಯದ ಮೇಲ್ಗಡೆ ಬಿಗಿಯಾಗಿ ಕಟ್ಟಿ, ಕೊಯ್ದು, ರಕ್ತವನ್ನು ಹೀರಿ ಉಗುಳಬೇಕೆಂದು ಆ ಕಾಲದ ಪುಸ್ತಕಗಳೆಲ್ಲ ಹೇಳುತ್ತಿದ್ದವು. ನಮಗೂ ಹಾಗೆಯೇ ಹೇಳಿದರು. ಇವೆಲ್ಲ ಅಪಾಯಕರವೆಂದು ವೈದ್ಯರು ಇಂದು ನಿಷೇಧಿಸುತ್ತಾರೆ. ಬಿಗಿದ ಕಟ್ಟು ಅಂಗವನ್ನೇ ಕೆಡಿಸಬಹುದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಯಾವುದೇ ಕಚ್ಚಿರಲಿ, ಕಚ್ಚಿಸಿಕೊಂಡವರನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಿಸದೆ, ತಡಮಾಡದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಬೆಂಕಿಯ ನಿಯಮವೂ ಹಾಗೆಯೇ. ಅಂದು ನಮ್ಮ ಒಲೆಗೆ ಅರಣ್ಯ ಇಲಾಖೆಯ ಅನುಮತಿ ಇದ್ದಿತು. 1963ರ ಅರಣ್ಯ ಕಾಯಿದೆಯಂತೆ ಕಾದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಬೆಂಕಿ ಹೊತ್ತಿಸುವುದು ಅಪರಾಧ. ಬೇಸಗೆಯಲ್ಲಿ ದೇವರಾಯನದುರ್ಗದ ಒಣಹುಲ್ಲು ಒಂದು ಕಿಡಿಗೆ ಕಾದಿರುತ್ತದೆ; ಮೊಟ್ಟೆಯಿಟ್ಟು ನೆಲದಲ್ಲಿ ಗೂಡು ಕಟ್ಟಿದ ಹಕ್ಕಿಗೆ ಓಡಲು ಕಾಲವಿರುವುದಿಲ್ಲ. ಈ ಪಾಠವನ್ನು ನೀವು ಕಲಿಯಬೇಕಾದರೆ ನಿಮ್ಮ ಹೊಲದ ಕಣದಲ್ಲಿ, ಹಿರಿಯರ ಮುಂದೆ, ಗಾಳಿಯಿಲ್ಲದ ಹೊತ್ತಿನಲ್ಲಿ ಕಲಿಯಿರಿ.

ಭಾನುವಾರ ಸಂಜೆ ಒಲೆಯನ್ನು ನಂದಿಸುವ ಸರದಿ ನಮ್ಮದಾಯಿತು. ಸುತ್ತಲೂ ಹತ್ತು ಅಡಿ ಅಗಲಕ್ಕೆ ತರಗೆಲೆ, ಹುಲ್ಲು ಕೆತ್ತಿ ಬರಿಯ ಮಣ್ಣು ಮಾಡಿದ್ದ ಜಾಗ ಅದು. ನಾನು ನೀರು ಸುರಿದೆ. ಚುಂಯ್ ಎಂದು ಹಬೆ ಎದ್ದಿತು, ಕೆಂಡ ಕಪ್ಪಾಯಿತು. ಮುಗಿಯಿತೆಂದುಕೊಂಡೆ. ಮಾಸ್ತರರು ಕೋಲಿನಿಂದ ಬೂದಿಯನ್ನು ಕೆದಕಿಸಿ ಮತ್ತೆ ನೀರು ಹಾಕಿಸಿದರು, ಮತ್ತೆ ಕೆದಕಿಸಿದರು. ತಂದೆ ಮೊಣಕಾಲೂರಿ ಕುಳಿತು, ಕರುವಿನ ಮೈಬಿಸಿ ನೋಡುವಂತೆ ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ತಂದು, ಬಿಸಿ ತಾಗದಿದ್ದ ಮೇಲೆ ಅದರೊಳಗೆ ಇಟ್ಟರು. ಒಂದು ಮೂಲೆಯಲ್ಲಿ ಅವರ ಕೈ ತಟ್ಟನೆ ಹಿಂದಕ್ಕೆ ಬಂದಿತು. ಅಲ್ಲಿ ಬೇರೊಂದರ ತುಂಡು ಮಣ್ಣಿನೊಳಗೆ ಇನ್ನೂ ಕಾದಿತ್ತು. ಲಾರಿ ಹಾರನ್ ಹೊಡೆಯುತ್ತಿತ್ತು. ನೀರಿನ ಕೊಡ ಬರಿದಾಗಿತ್ತು. ಅವರು ದಾರಿಗೆಂದು ಕುದಿಸಿ ತುಂಬಿಟ್ಟುಕೊಂಡಿದ್ದ ಚೊಂಬಿನ ನೀರನ್ನು ಅದರ ಮೇಲೆ ಸುರಿದು, ಮಣ್ಣನ್ನು ಕಲಸಿ, ನನ್ನ ಕೈಯನ್ನು ಹಿಡಿದು ಅದೇ ಜಾಗದಲ್ಲಿ ಇಡಿಸಿದರು. ತಣ್ಣಗಿತ್ತು. ಆಮೇಲೆ ಲಾರಿ ಹತ್ತಿದೆವು.